ನಿಂತರೆ ನಿಲ್ಲುವ ಡ್ರೋನ್

ನನ್ನ ತಮ್ಮನಿಗೆ ಬೀದಿಯವರು ಇಟ್ಟ ಹೆಸರು ಮಿಡತೆ. ವಾರವಿಡೀ ಸೈಕಲ್ ರಿಪೇರಿ. ರಜೆ ಬಂತೆಂದರೆ ಊರಾಚೆಯ ಗುಡ್ಡದಿಂದ ಸೈಕಲ್ ಸಮೇತ ಜಿಗಿಯುವುದು. ಮೊದಲು ಅವನ ಗೆಳೆಯನೊಬ್ಬ ಕೆಳಗೆ ನಿಂತು ವಿಡಿಯೋ ತೆಗೆಯುತ್ತಿದ್ದ, ಬಿದ್ದರೆ ಎತ್ತುತ್ತಲೂ ಇದ್ದ. ಅವನ ಜೊತೆ ಮಾತು ಬಿಟ್ಟ ಮೇಲೆ ಡ್ರೋನ್ ಬಂತು. ಅದರ ಜೊತೆ ಬರುವ ಪಟ್ಟಿಯನ್ನು ಕೈಗೆ ಕಟ್ಟಿಕೊಂಡವರ ಬೆನ್ನು ಹತ್ತಿ ತಾನೇ ಚಿತ್ರ ತೆಗೆಯುತ್ತದಂತೆ. ಅದರ ಯೋಗ್ಯತೆ ನಾನು ನೋಡಿದ್ದೇನೆ. ಮರ ಅಡ್ಡ ಬಂದರೆ ಇವನನ್ನು ಬಿಟ್ಟು ಪೊದೆಯ ಚಿತ್ರ ತೆಗೆಯುತ್ತದೆ. ಎರಡು ಸಲ ಜಿಗಿಯುವಷ್ಟರಲ್ಲಿ ಚಾರ್ಜು ಮುಗಿದಿರುತ್ತದೆ. ಹೇಳಿದರೆ, ಅಕ್ಕನಿಗೆ ತೊಟ್ಟಿಲು ತೂಗಿದರೂ ಭಯ ಎಂದು ಆಡಿಕೊಳ್ಳುತ್ತಾನೆ.

ಹೌದು, ಭಯವೇ. ಇಲ್ಲದಿದ್ದರೆ ನನ್ನ ಮಗಳು ಇವತ್ತು ಎಲ್ಲಿರುತ್ತಿದ್ದಳು?

ಅವಳಿಗಿನ್ನೂ ನಾಲ್ಕು ವರ್ಷ. ಅವಳ ಪುಟ್ಟ ಸೈಕಲ್ಲಿನ ಚೈನು ಕಳಚಿತ್ತೆಂದು ಅವನ ಅಂಗಡಿಗೆ ಹೋಗಿದ್ದೆವು. ಮಾಮನ ಹಾಗೆ ತನ್ನದೂ ವಿಡಿಯೋ ಬೇಕೆಂದು ಹಟ ಹಿಡಿದಳು. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಇವನು ಚೈನು ಏರಿಸಿ, ಪಟ್ಟಿಯನ್ನು ಅವಳ ಕೈಗೆ ಬಿಗಿದು, ಎದುರಿನ ಬಯಲಲ್ಲಿ ಡ್ರೋನ್ ಹಾರಿಸಿಯೇ ಬಿಟ್ಟ. ನೀನು ನಿಂತರೆ ಅದೂ ನಿಲ್ಲುತ್ತೆ ಎಂದು ಅವಳಿಗೆ ಪಾಠ ಬೇರೆ.

ನೆತ್ತಿಯ ಹಿಂದೆ ಗುಂಯ್ ಎಂದದ್ದೇ ತಡ, ಮಗು ಸೈಕಲ್ ಬಿಸಾಕಿ ಓಡಿತು. ಓಡಿದಷ್ಟೂ ಅದು ಅಟ್ಟಿಸಿಕೊಂಡು ಹೋಯಿತು. ಬಯಲು ಮುಗಿದಲ್ಲಿ ಲಾರಿಗಳ ರಸ್ತೆ. ನಿಲ್ಲಿಸೋ ಎಂದು ಕೂಗಿದೆ. ಇವನು ಫೋನು ಒತ್ತುತ್ತಿದ್ದಾನೆ, ಒತ್ತುತ್ತಲೇ ಇದ್ದಾನೆ. ಬೆರಳ ತುಂಬ ಚೈನಿನ ಗ್ರೀಸು, ಪರದೆಗೆ ಬೆರಳೇ ತಿಳಿಯುತ್ತಿಲ್ಲ. ಚಪ್ಪಲಿ ಬಿಟ್ಟು ಓಡಿದೆ. ರಸ್ತೆಯ ಅಂಚಿನಲ್ಲಿ ಅವಳ ಫ್ರಾಕು ಕೈಗೆ ಸಿಕ್ಕಿತು.

ತಮ್ಮ ಏದುಸಿರು ಬಿಡುತ್ತ ಬಂದ. "ನಿಂತಿದ್ರೆ ಅದೂ ನಿಂತಿರೋದು ಅಕ್ಕಾ."

"ನಾಯಿ ಅಟ್ಟಿಸ್ಕೊಂಡು ಬಂದ್ರೆ ನೀನು ನಿಲ್ತೀಯೇನೋ? ನಾಲ್ಕು ವರ್ಷದ ಕೂಸು ನಿಲ್ಬೇಕಾ?"

ಅವನು ಬೆರಳು ಒರೆಸಿಕೊಂಡು ವಿಡಿಯೋ ತೋರಿಸಿದ. ತನ್ನದು ಒಂದೂ ಇಷ್ಟು ಚೆನ್ನಾಗಿ ಬಂದಿಲ್ಲವಂತೆ, ಎಲ್ಲರಿಗೂ ಕಳಿಸುತ್ತಾನಂತೆ. ಅದರಲ್ಲಿ ಮಗು ಓಡುತ್ತಿದೆ, ಅಮ್ಮಾ ಎನ್ನುತ್ತಿರಬೇಕು. ಧ್ವನಿ ಹಿಡಿಯುವಷ್ಟು ಜಾಣತನ ಆ ಯಂತ್ರಕ್ಕಿಲ್ಲ. ಫೋನು ಕಿತ್ತುಕೊಂಡು ಅಳಿಸಿದೆ.

ಅದಕ್ಕೆ ಮುನಿಸು. ಮನೆ ಕಡೆ ತಲೆ ಹಾಕಿಲ್ಲ. ಅಮ್ಮ ನನಗೇ ಹೇಳುತ್ತಾಳೆ, ದೊಡ್ಡವಳು ನೀನು, ಒಂದು ಫೋನು ಮಾಡಿದರೆ ಸವೆದು ಹೋಗುತ್ತೀಯಾ ಎಂದು. ಮಾಡುವುದಿಲ್ಲ. ಮಿಕ್ಸಿ ಹಾಕಿದರೂ ಮಗಳು ಮಂಚದ ಕೆಳಗೆ ನುಸುಳುತ್ತಾಳೆ. ಅವನು ಬರಲಿ, ಮೊದಲು ಅಲ್ಲಿ ಬಗ್ಗಿ ಅವಳ ಮುಖ ನೋಡಲಿ.