ಯಾರ ಮನೆಯದೆಂದು ಕೇಳುವಂತಿಲ್ಲ

ಸಣ್ಣತಾಯಮ್ಮನ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ನಾನು ಎದ್ದರೂ ಕೂಗು, ಕೂತರೂ ಕೂಗು. ಅವಳು ಮನೆಗೆ ಬೆಂಕಿ ಬಿದ್ದರೂ ಮೆಲ್ಲಗೆ ಮಾತಾಡುವವಳು. ಮದ್ದೂರು ಕಡೆಯ ಆತಗೂರಿನಿಂದ ಒಂದಿಷ್ಟು ಒಳಕ್ಕಿರುವ ನಮ್ಮೂರ ಹೆಂಗಸರ ಹಾಲಿನ ಸಂಘಕ್ಕೆ ಅವಳು ಸೆಕ್ರೆಟರಿ. ನಾನು ಯಶೋದಮ್ಮ, ಹಾಲು ಟೆಸ್ಟ್ ಮಾಡುವವಳು. ಊರವರು ನಮ್ಮಿಬ್ಬರನ್ನು ಮೆಣಸಿನಕಾಯಿ, ಬೆಲ್ಲ ಅನ್ನುತ್ತಾರೆ. ಬೆಲ್ಲ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅವಳು ಇದೇ ಊರಿನ ಮಗಳು. ಮಳವಳ್ಳಿ ಕಡೆಗೆ ಕೊಟ್ಟಿದ್ದರು. ಗಂಡ ಸತ್ತ ಮೇಲೆ ತವರಿಗೆ ಬಂದಳು. ಅವನಿಗೆ ಏನಾಗಿತ್ತೆಂದು ಕೇಳಿದರೆ "ಜ್ವರ" ಅನ್ನುವಳು, ಮುಂದಕ್ಕೆ ಬಾಯಿ ಬಿಡುತ್ತಿರಲಿಲ್ಲ. ಅವಳದ್ದು ಎರಡು ವಿಚಿತ್ರ ಬುದ್ಧಿ. ಒಂದು, ಡೈರಿಯ ನಲ್ಲಿಯ ಪಕ್ಕ ಒಂದು ಕೆಂಪು ಸೋಪು ಇಟ್ಟು, ದನ ಮುಟ್ಟಿದ ಕೈ ತೊಳೆಯದೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಇನ್ನೊಂದು, ಮನೆಗೆ ಹೋದವರಿಗೆ ನೀರು ತಂದು ಕೈಗೆ ಕೊಡುತ್ತಿರಲಿಲ್ಲ. "ಕೊಡ ಅಲ್ಲಿ ಅದೆ, ತಕ್ಕೊಳ್ಳಿ" ಅನ್ನುವಳು. ಶತ್ರು ಬಂದರೂ ನೀರು ಕೊಟ್ಟು ಮಾತಾಡಿಸುವ ಊರು ನಮ್ಮದು. ಎಂಥ ಕೊಬ್ಬು ಇವಳಿಗೆ ಎಂದು ನಾನೇ ಬೀದಿ ತುಂಬ ಹೇಳಿಕೊಂಡು ತಿರುಗಿದ್ದೇನೆ.

ಒಂದು ಬೇಸಿಗೆಯಲ್ಲಿ ಚಲುವಮ್ಮನ ಹಸು ಸತ್ತಿತು. ಕೊಯ್ದ ಜೋಳದ ಹೊಲದಲ್ಲಿ ಮತ್ತೆ ಚಿಗುರಿದ ಎಳೆ ಗರಿ ದನಕ್ಕೆ ವಿಷ; ಅದನ್ನು ತಿಂದು, ನೋಡನೋಡುತ್ತಿದ್ದಂತೆ ಹೊಟ್ಟೆಯುಬ್ಬಿ ಬಿದ್ದುಬಿಟ್ಟಿತು. ಚಲುವಮ್ಮ ಎದೆ ಬಡಿದುಕೊಂಡು ಅಳುತ್ತಿರುವಾಗ ಗೊತ್ತಾಯಿತು, ಹಿಂದಿನ ತಿಂಗಳು ಹಿಂಬೀದಿಯ ಅಂಕಮ್ಮನ ಹಸುವೂ ಅದೇ ಹೊಲದ ಚಿಗುರು ತಿಂದೇ ಸತ್ತಿತ್ತು ಎಂದು. ಅಂಕಮ್ಮ ಯಾರಿಗೂ ಹೇಳಿರಲಿಲ್ಲ. ಕೊರಳಲ್ಲಿ ಹಗ್ಗ ಇದ್ದ ಹಾಗೆಯೇ ಹಸು ಸತ್ತರೆ ಆ ಮನೆಗೆ ದೋಷ ಎಂದು ನಮ್ಮ ಕಡೆ ನಂಬಿಕೆ. ಹಾಗಾಗಿ ಸದ್ದಿಲ್ಲದೆ ಹೂತು, "ನೆಂಟ್ರ ಮನೆಗೆ ಕೊಟ್ಬುಟ್ವಿ" ಎಂದು ಹೇಳಿಬಿಡುವುದು ರೂಢಿ. ಒಂದು ಮಾತು ಆಡಿದ್ದರೆ ಚಲುವಮ್ಮನ ಹಸು ಉಳಿಯುತ್ತಿತ್ತು.

ಅದೇ ಸಮಯಕ್ಕೆ ಮಂಡ್ಯದಲ್ಲಿ ಸಂಘಗಳ ಸೆಕ್ರೆಟರಿಗಳಿಗೆ ಒಂದು ತರಬೇತಿ. ಹೆಸರು "ಜ್ಞಾನ ನಿರ್ವಹಣೆ". ಒಬ್ಬರು ಕಲಿತದ್ದು ಇಡೀ ಸಂಸ್ಥೆಗೆ ಸಿಗಬೇಕಂತೆ, ಮಾಡಿದ ತಪ್ಪನ್ನು ಹಂಚಿಕೊಳ್ಳಬೇಕಂತೆ. ಸಣ್ಣತಾಯಮ್ಮ ಬರುವಾಗ ಒಂದು ಕಟ್ಟು ಫಾರಂ ತಂದಳು. ಹೆಸರು, ಆದ ತಪ್ಪು, ಕಾರಣ. ನಾನು ನಕ್ಕು ನಕ್ಕು ಸುಸ್ತಾದೆ. ಎಲ್ಲ ಫಾರಮ್ಮೂ ಖಾಲಿ ವಾಪಸ್ಸು ಬಂದವು. ಒಬ್ಬಳು ಮಾತ್ರ "ದೇವರ ದಯೆಯಿಂದ ತಪ್ಪು ಏನೂ ಇಲ್ಲ" ಎಂದು ಬರೆಸಿದ್ದಳು.

"ಓಗ್ಲಿ ಬುಡು, ನಿನ್ನ ಜ್ಞಾನ ಇಲ್ಲಿ ನಡೆಯಾಕಿಲ್ಲ" ಅಂದೆ.

ಅವಳು ಖಾಲಿ ಫಾರಂಗಳನ್ನು ಜೋಡಿಸಿಡುತ್ತಾ ಹೇಳಿದಳು: "ತನ್ನೆಲೇಲಿ ಎಗ್ಗಣ ಸತ್ತು ಬಿದ್ದಿದ್ರೂ ಪಕ್ಕದೆಲೆ ನೊಣ ತೋರ್ಸೋ ಜನ ಕಣೇ ನಾವು. ಪಕ್ಕದೆಲೆ ಅಂತ್ಲೇ ಯೋಳ್ಲಿ. ನಮ್ಗೆ ಬೇಕಿರೋದು ಎಗ್ಗಣ."

ಅಂದಿನಿಂದ ಶುರು. ಪ್ರತಿ ಶುಕ್ರವಾರ ಬೆಳಗಿನ ಹಾಲು ಮುಗಿದ ಮೇಲೆ ಡೈರಿಯ ಜಗಲಿಯಲ್ಲಿ ಕೂರುವುದು. "ಒಬ್ರ ಮನೇಲಿ" ಎಂದೇ ಮಾತು ಆರಂಭಿಸಬೇಕು. ಯಾರ ಮನೆಯದೆಂದು ಕೇಳುವಂತಿಲ್ಲ. ಕೇಳಿದವರು ಅವತ್ತಿನ ಎಲ್ಲ ಕ್ಯಾನು ತೊಳೆಯಬೇಕು.

ಶಿವ ಶಿವ, ಏನು ಮಾತು, ಏನು ಕಥೆ! ಒಬ್ಬರ ಮನೆಯಲ್ಲಿ ಬಾತ ಕೆಚ್ಚಲಿಗೆ ಸುಣ್ಣ ಹಚ್ಚಿ ಕೆಡಿಸಿದ್ದು, ಒಬ್ಬರ ಮನೆಯಲ್ಲಿ ಹಸುವಿಗೆ ಇಂಜೆಕ್ಷನ್ ಹಾಕಿಸಿದ ದಿನವೇ ಹಾಲು ತಂದು ಹುಯ್ದದ್ದು, ಎಲ್ಲ ಹೊರಬಿತ್ತು. ಸೋಮನಹಳ್ಳಿಯ ನೆಂಟರ ಕಥೆಗಳೂ ನಮ್ಮ ಜಗಲಿಗೆ ಬಂದವು. ಮರುವರ್ಷ ಜೋಳದ ಚಿಗುರು ತಿಂದು ಒಂದು ಹಸುವೂ ಸಾಯಲಿಲ್ಲ. ನಾನು ಒಪ್ಪಿಕೊಂಡೆ, ಆದರೆ ಅವಳೆದುರು ಹೇಳಲಿಲ್ಲ.

ಸಂಕ್ರಾಂತಿ ಕಳೆದ ಮೇಲಿನ ಒಂದು ಶುಕ್ರವಾರ. ಹಾಲು ಅಳೆಯುವಾಗ ಹೊನ್ನಯ್ಯನ ಸೊಸೆ ಅರ್ಪಿತ ಪಾತ್ರೆಯನ್ನು ಎಡಗೈಯಲ್ಲಿ ಚಾಚಿದಳು. ನನಗೆ ಮೈಯೆಲ್ಲ ಉರಿದುಹೋಯಿತು. "ಲಕ್ಷ್ಮೀನ ಎಡಗೈಲಿ ಕೊಟ್ಟೀಯೇನೇ? ನಿಮ್ಮವ್ವ ಇಷ್ಟೂ ಕಲ್ಸಿಲ್ವಾ?" ಎಂದು ಎಲ್ಲರ ಮುಂದೆ ಝಾಡಿಸಿದೆ. ಆ ಹುಡುಗಿ ಬಲಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು, ತಲೆ ತಗ್ಗಿಸಿ, ಹಿಂದೆ ಹೋಗಿ ಕಂಬಕ್ಕೆ ಒರಗಿ ನಿಂತಳು.

ನಮ್ಮ ಸಂಘದಲ್ಲಿ ಹಾಲು ಹೆಂಗಸರ ಹೆಸರಲ್ಲಿ, ಮಾತು ಮಾತ್ರ ಗಂಡಸರದ್ದೂ ಇರುತ್ತದೆ. ಅವತ್ತು ಹೊನ್ನಯ್ಯನೇ ಶುರು ಮಾಡಿದ. ಅವನು ನಾಲ್ಕು ಊರು ಸುತ್ತುವವನು. ಯಾರ್‍ಯಾರ ಕಥೆಯನ್ನೋ ಹೊತ್ತು ತರುತ್ತಿದ್ದ.

"ಒಬ್ರ ಮನೇಲಿ ಅಸ ಮೇವು ಮುಟ್ಟಾಕಿಲ್ಲ. ಬಾಯ್ತುಂಬ ಜೊಲ್ಲು. ಗಂಟ್ಲಲ್ಲಿ ಕಬ್ಬಿನ ತುಂಡು ಸಿಕ್ಕಂಡದೆ ಅಂತ ಕೈ ಆಕಿ ನೋಡುದ್ರು, ಏನೂ ಸಿಗ್ನಿಲ್ಲ. ಇದ್ಕೇನಾರ ಮದ್ದದಾ?"

ಒಬ್ಬರು ಎಣ್ಣೆ ಕುಡಿಸು ಅಂದರು, ಒಬ್ಬರು ಬೆಳ್ಳುಳ್ಳಿ ಅಂದರು. ಸಣ್ಣತಾಯಮ್ಮನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮಾವ, ಅಸ ಕೂಗೋದು ಎಂಗದೆ?"

"ಒಡಕು ದನಿ. ಒಂದೇ ಸಮ ಕೂಗ್ತದೆ."

"ಹಿಂಗಾಲು?"

"ಎಳೀತದಂತೆ."

ಅವಳು ಎದ್ದು ಒಳಗೆ ಹೋಗಿ ಮದ್ದೂರಿನ ದನದ ಡಾಕ್ಟರ್ ಶ್ರೀಕರ ಅವರಿಗೆ ಫೋನ್ ಮಾಡಿದಳು. ನಾನೂ ಹಿಂದೆ ಹೋದೆ. ದೀಪಾವಳಿ ಸುಮಾರಿಗೆ ಇದೇ ಜಗಲಿಯಲ್ಲಿ ಇನ್ಯಾರೋ ಹೇಳಿದ್ದ ಕಥೆ ಆಗ ನನಗೂ ನೆನಪಾಯಿತು: ಕಬ್ಬಿನ ಗದ್ದೆ ಕಡೆಯಿಂದ ನಾಯಿಯೊಂದು ನುಗ್ಗಿ ಕಟ್ಟಿದ್ದ ದನಗಳನ್ನು ಕಚ್ಚಿತ್ತು. ಫೋನಿನಲ್ಲಿ ಡಾಕ್ಟರ ದನಿ ನನಗೂ ಕೇಳಿಸುತ್ತಿತ್ತು. "ಇದು ಹುಚ್ಚುನಾಯಿ ರೋಗ ಇರಬಹುದಮ್ಮ. ಹಸು ಹತ್ರ ಯಾರೂ ಹೋಗಬೇಡಿ, ನಾನು ಬರ್ತೀನಿ. ಆದ್ರೆ ಬಾಯಿಗೆ ಕೈ ಹಾಕಿದವರು ಸೋಪಲ್ಲಿ ಕೈ ತೊಳೆದು ಈಗಲೇ ಮದ್ದೂರು ಆಸ್ಪತ್ರೆಗೆ ಹೊರಡಬೇಕು. ರೋಗ ಕಾಣಿಸಿಕೊಂಡ ಮೇಲೆ ಯಾರೂ ಏನೂ ಮಾಡೋಕಾಗಲ್ಲ. ಯಾರ ಮನೆ ಹಸು ಅದು?"

ಅದೇ ನಮಗೆ ಗೊತ್ತಿರಲಿಲ್ಲ.

ಹೊರಗೆ ಬಂದು ಅವಳು ಡಾಕ್ಟರ ಮಾತನ್ನು ಹಾಗೆಯೇ ಹೇಳಿದಳು. ಎಲ್ಲರೂ ಹೊನ್ನಯ್ಯನ ಕೈ ನೋಡಿದೆವು. ಎರಡೂ ಕೈ ನೆಟ್ಟಗಿದ್ದವು, ಒಂದು ತರಚು ಗಾಯವೂ ಇಲ್ಲ.

"ನಾನು ಯಾರತ್ರನೋ ಕೇಳಿದ್ದು" ಅಂದ ಅವನು. ದನಿ ಮಾತ್ರ ಬದಲಾಗಿತ್ತು. "ಅವ್ರಿಗೆ ಯೋಳ್ತೀನಿ ಬುಡಮ್ಮ. ಅವ್ರ ಮನೇಲಿ ಒಂದು ಸುಭಕಾರ್ಯ ಅದೆ, ಅದೊಂದು ಕಳೀಲಿ."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಜೀವ ಓಯ್ತದೆ ಅಂತಾವ್ರೆ, ಸುಭಕಾರ್ಯ ಅಂತೀಯಲ್ಲಾ! ಯಾರ ಮನೇದು ಬೊಗಳು ಮೊದ್ಲು!"

ಹೊನ್ನಯ್ಯ ಟವಲು ಕೊಡವಿಕೊಂಡು ಎದ್ದ. "ಕೇಳಂಗಿಲ್ಲ ಅಂತ ನೀವೇ ತಾನೆ ರೂಲ್ಸು ಮಾಡಿದ್ದು? ಇನ್ಮೇಲೆ ನಾನು ಬಾಯೇ ಬುಡಾಕಿಲ್ಲ." ಅವನ ಹಿಂದೆ ಇನ್ನೂ ಕೆಲವರು ಎದ್ದರು. ಒಂದು ಮಾತಿನಲ್ಲಿ ಎಲ್ಲ ಹಾಳುಮಾಡಿಬಿಟ್ಟೆನಲ್ಲಾ! ಅವನು ಹೋದರೆ ಆ ಕೈ ಯಾರದೋ, ಆ ಜೀವ ಯಾವುದೋ!

ಸಣ್ಣತಾಯಮ್ಮ ಅಡ್ಡ ಹೋಗಿ ನಿಲ್ಲಲಿಲ್ಲ. ಯಾರ ಮನೆಯದೆಂದು ಕೇಳಲೂ ಇಲ್ಲ. ಜಗಲಿಯ ಮೇಲೆ ಕುಳಿತೇ ಹೇಳಿದಳು: "ನಂದೊಂದು ಕತೆ ಅದೆ ಮಾವ. ಕೇಳ್ಬುಟ್ಟು ಓಗು."

ಅಷ್ಟು ದಿನವೂ ಅವಳು ಕಥೆ ಕೇಳಿಸಿಕೊಂಡವಳೇ ಹೊರತು ಹೇಳಿದವಳಲ್ಲ. ಹೊನ್ನಯ್ಯ ನಿಂತ.

"ಒಬ್ರ ಮನೇಲಿ, ಮಳವಳ್ಳಿ ಕಡೆ, ಅಸ ಇಂಗೇ ಜೊಲ್ಲು ಸುರಿಸ್ತಿತ್ತು. ಏನೋ ಸಿಕ್ಕಂಡದೆ ಅಂತ ಯಜಮಾನ ಬಾಯಿಗೆ ಕೈ ಆಕ್ದ. ಅಸಿನ ಅಲ್ಲು ತರಚ್ತು. ಅರಿಸಿನ ಅಚ್ಕೊಂಡು ಸುಮ್ಕಾದ. ಅಸ ಕೊರಳ ಅಗ್ಗದಲ್ಲೇ ಸತ್ತೋಯ್ತು. ದೋಸ ಅಂತ ಎದ್ರಿ ಯಾರ್ಗೂ ಯೋಳ್ನಿಲ್ಲ. ಗಾಯ ಮಾಯ್ತು, ಎಲ್ಲ ಮರ್ತೇಬುಟ್ರು." ಅವಳ ದನಿ ಎಂದಿನ ಹಾಗೆ ಮೆಲ್ಲಗಿತ್ತು. "ಒಂದಿನ ಹೊಲದಿಂದ ಬಂದು ಬಾಯಾರಿಕೆ ಅಂದ. ಎಂಡ್ತಿ ನೀರು ತಂದು ಕೈಗೆ ಕೊಟ್ಲು. ಲೋಟ ನೋಡಿ ಗಡಗಡ ನಡುಗ್ಬುಟ್ಟ. ಬಾಯಾರ್ತದೆ ಅಂತಾನೆ, ನೀರು ಕಂಡ್ರೆ ಕಿರುಚ್ತಾನೆ. ಆಸ್ಪತ್ರೇಲಿ ಡಾಕ್ಟ್ರು, ಕೈ ಆಕಿದ್ದಿನವೇ ಬಂದಿದ್ರೆ ಸೂಜಿ ಆಕಿ ಉಳಿಸ್ಬೋದಿತ್ತು ಅಂದ್ರು. ಆಮ್ಯಾಕೆ ಗೊತ್ತಾಯ್ತು, ಪಕ್ಕದ ಬೀದೀಲಿ ಒಂದೆಮ್ಮೆ ಇಂಗೇ ಸತ್ತಿತ್ತಂತೆ. ಅವ್ರೂ ದೋಸಕ್ಕೆ ಎದ್ರಿ ಯೋಳಿರ್ನಿಲ್ಲ. ಅವ್ನು ಕೊನೇವರ್ಗೂ ನೀರು ನೀರು ಅಂತ್ಲೇ ಓದ."

ಹಿಂದೆ ಏನೋ ಠಣ್ಣೆಂದು ಬಿತ್ತು. ಅರ್ಪಿತಳ ಹಾಲಿನ ಪಾತ್ರೆ.

"ಮಾವ ಯೋಳಿದ್ ಮನೆ ನಮ್ದೇ ಕಣಕ್ಕಾ" ಅಂದಳು. "ಆ ಕೈ ನಂದೇ."

"ಸುಮ್ಕಿರವ್ವಾ!" ಹೊನ್ನಯ್ಯ ಕೂಗಿದ.

"ನಿಮ್ಮ ಕೈ ದಪ್ಪ, ಗಂಟ್ಲವರ್ಗೂ ಓಗಾಕಿಲ್ಲ, ನಿನ್ನ ಕೈ ಸಣ್ಣದು ಅಂತ ನನ್ ಕೈಲೇ ಆಕ್ಸುದ್ರಲ್ಲ ಮಾವ." ಅವಳು ಸೆರಗಿನಿಂದ ಬಲಗೈ ತೆಗೆದಳು. ಮುಂಗೈಯಿಂದ ಬೆರಳವರೆಗೆ ಅರಿಸಿನ ಮೆತ್ತಿತ್ತು, ಅದರಡಿ ಉದ್ದುದ್ದ ಗೀರುಗಳು. ಎಡಗೈಯಲ್ಲಿ ಹಾಲು ಕೊಟ್ಟಳೆಂದು ಆ ಮಗುವನ್ನು ಬೈದಿದ್ದೆನಲ್ಲ, ನನ್ನ ನಾಲಿಗೆಗಿಷ್ಟು ಬೆಂಕಿ ಹಾಕ.

ಸಣ್ಣತಾಯಮ್ಮ ಅವಳನ್ನು ನಲ್ಲಿಗೆ ಎಳೆದುಕೊಂಡು ಹೋದಳು. ಆ ಕೆಂಪು ಸೋಪು ಹಚ್ಚಿಸಿ, ಧಾರಾಳ ನೀರು ಬಿಟ್ಟು ತೊಳೆಸಿದಳು, ಮತ್ತೆ ಹಚ್ಚಿಸಿ ಮತ್ತೆ ತೊಳೆಸಿದಳು. ಅಷ್ಟರಲ್ಲಿ ಹಾಲಿನ ಗಾಡಿ ಬಂತು. ಕ್ಯಾನುಗಳನ್ನು ಅಲ್ಲೇ ಬಿಟ್ಟು, ಅರ್ಪಿತಳನ್ನೂ ಹೊನ್ನಯ್ಯನನ್ನೂ ಹತ್ತಿಸಿಕೊಂಡು ಮದ್ದೂರಿಗೆ ಹೊರಟೆವು. ಹಸುವಿನ ದವಡೆ ಬಿಡಿಸಿ ಹಿಡಿದಿದ್ದವನು ಅವನೇ. ಅವನಿಗೂ ಸೂಜಿ ಆಗಬೇಕಿತ್ತು. ದಾರಿಯುದ್ದಕ್ಕೂ ಅವನು ಸೊಸೆಯ ಕಡೆ ನೋಡದೆ ಅಳುತ್ತಿದ್ದ. "ಭಾನುವಾರ ವೀಣನ್ನ ನೋಡಾಕೆ ಬತ್ತಾರೆ, ಅಸ ಸತ್ತ ಮನೆ ಅಂದ್ರೆ ಸಂಬಂಧ ಮುರೀತದೆ ಅಂತ ಇಂಗೆ ಮಾಡ್ಬುಟ್ಟೆ" ಅಂದ. ವೀಣ ಅವನ ಮಗಳು.

ಹಸು ಶನಿವಾರ ಸತ್ತಿತು. ಡಾಕ್ಟರು ಅನುಮಾನಿಸಿದ್ದೇ ನಿಜವೆಂದು ಪರೀಕ್ಷೆಯಲ್ಲಿ ಬಂತು. ಭಾನುವಾರದ ನೆಂಟರು ಬರಲಿಲ್ಲ. ಹೊನ್ನಯ್ಯ ಹೆದರಿದ್ದೇನೂ ಸುಳ್ಳಾಗಿರಲಿಲ್ಲ. ಗಾಯದ ಸುತ್ತ ಕೊಡಬೇಕಾದ ಔಷಧ ಮಂಡ್ಯದಿಂದ ತರಿಸಿ ಕೊಟ್ಟರು, ಉಳಿದ ಸೂಜಿಗಳೂ ಹೇಳಿದ ದಿನ ತಪ್ಪದೆ ಆದವು. ಆದರೂ ಮುಂದಿನ ತಿಂಗಳುಗಳಲ್ಲಿ ಅರ್ಪಿತ ಹಾಲಿಗೆ ಬಂದಾಗಲೆಲ್ಲ ಸಣ್ಣತಾಯಮ್ಮ ಅವಳ ಮುಖವನ್ನೇ ನೋಡುತ್ತಿದ್ದಳು. ನಾನು ಸಣ್ಣತಾಯಮ್ಮನ ಮುಖ ನೋಡುತ್ತಿದ್ದೆ.

ರೂಲ್ಸು ಮುರಿದವಳು ನಾನು, ಮುಂದಿನ ಶುಕ್ರವಾರ ಜಗಲಿ ಖಾಲಿ ಎಂದುಕೊಂಡಿದ್ದೆ. ಜನ ಬಂದರು. ಅರ್ಪಿತ "ನಮ್ಮನೇಲಿ" ಎಂದೇ ಶುರು ಮಾಡಿದಳು, ದನದ ಬಾಯಿಗೆ ಯಾರೂ ಬರಿಗೈ ಹಾಕಬೇಡಿ ಎಂದಳು. ಉಳಿದವರು ಈಗಲೂ "ಒಬ್ರ ಮನೇಲಿ" ಅನ್ನುತ್ತಾರೆ. ಅನ್ನಲಿ ಬಿಡಿ.

ಅರ್ಪಿತಳಿಗೆ ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಸಣ್ಣತಾಯಮ್ಮನ ಮನೆಗೆ ಹೋದೆ. ಬಾಯಿ ಸುಮ್ಮನಿದ್ದರೆ ತಾನೆ? "ಆ ಮಳವಳ್ಳಿ ಮನೆ ಯಾರ್ದೇ?" ಎಂದು ಕೇಳಿಯೇಬಿಟ್ಟೆ.

ಅವಳು ನನ್ನನ್ನೇ ನೋಡಿದಳು. "ಅವತ್ತು ಹೊನ್ನಯ್ಯನ್ನ ಕೇಳಿದ್ದು ಒಂದು, ಇವತ್ತು ಒಂದು. ಎರಡು ದಿನದ ಕ್ಯಾನು ತೊಳೀಬೇಕು ನೀನು."

ನನಗೆ ನಗಲು ಆಗಲಿಲ್ಲ. ದಳದಳ ಅತ್ತುಬಿಟ್ಟೆ. ಇವಳಿಗೆ ಕೊಬ್ಬು ಎಂದು ಊರೆಲ್ಲ ಸಾರಿದ ಬಾಯಿ ಇದೇ ಅಲ್ಲವೇ.

ಅವಳು ಎದ್ದು ಒಳಗೆ ಹೋದಳು. ಕೊಡ ತೋರಿಸಲಿಲ್ಲ. ಒಂದು ಲೋಟ ನೀರು ತಂದು ನನ್ನ ಕೈಗೆ ಕೊಟ್ಟಳು. ನಾನು ಕುಡಿದು ಮುಗಿಸುವವರೆಗೂ ನನ್ನ ಗಂಟಲನ್ನೇ ನೋಡುತ್ತಾ ನಿಂತಿದ್ದಳು.