ಟೀಚರಕ್ಕ ಕೇಳಿದ ಮೂಲೆ

ಹೋದ ವಾರ ದೇವನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಗಾಡಿಯವನೊಬ್ಬ ಚಕ್ಕೋತಕ್ಕೆ ಚಾಕು ಹಾಕಿದ. ಸಿಪ್ಪೆಯ ಆ ಕಹಿ ಘಮ ಮೂಗಿಗೆ ಬಿದ್ದದ್ದೇ, ಪಕ್ಕದಲ್ಲಿ ನಿಂತಿದ್ದ ನಮ್ಮೂರಿನ ಹೆಂಗಸೊಬ್ಬರು ನಿಟ್ಟುಸಿರಿಟ್ಟರು. "ಟೀಚರಕ್ಕನ ಮರದ ಹಣ್ಣು ಹಿಂಗೇ ಇರ್ತಿತ್ತಲ್ವಾ? ಪುಣ್ಯಾತ್ಗಿತ್ತಿ ಕಣಮ್ಮ. ಏನೂ ಕೇಳ್ದೆ ನಗ್ತಾ ಸೈನ್ ಹಾಕ್ಕೊಟ್ಬಿಟ್ಲು."

ಏನೂ ಕೇಳದೆ. ನಮ್ಮ ಕುಂದಾಣದ ಕಡೆ ಯಾರ ಬಾಯಲ್ಲಿ ಕೇಳಿದರೂ ಇದೇ ಮಾತು. ನಾನು ಒಪ್ಪುವುದಿಲ್ಲ. ಎಲ್ಲದಕ್ಕೂ ಎದುರಾಡುವುದು ನನ್ನ ಚಾಳಿ, ಚರ್ಚಾಸ್ಪರ್ಧೆಗಳಿಗೆ ಹೋಗಿ ಹೋಗಿ ಕೆಟ್ಟೆ ಎಂದು ಮನೆಯವರ ದೂರು, ಇರಲಿ. ಆದರೆ ಆ ಸಹಿಯ ದಿನ ಅವರ ಮನೆಯ ಪಡಸಾಲೆಯಲ್ಲಿ ನಾನೂ ಇದ್ದೆ.

ನಮ್ಮ ಮನೆಗೂ ಟೀಚರಕ್ಕನ ತವರಿಗೂ ನಡುವೆ ಒಂದು ಮೋಟುಗೋಡೆ. ಅದರ ಮೇಲೆ ಅಮ್ಮನ ಸಾರಿನ ಬಟ್ಟಲು ಆ ಕಡೆಗೆ, ಅವರ ಚಕ್ಕೋತ ಈ ಕಡೆಗೆ ಓಡಾಡುತ್ತಿದ್ದವು. ಟೀಚರಕ್ಕ ಗಂಡನ ಮನೆಯಿಂದ ವಾಪಸ್ ಬಂದವರು. ಏಕೆ ಎಂದು ನಮಗೆ ಯಾರೂ ಹೇಳಲಿಲ್ಲ… ಕತ್ತಿನಲ್ಲಿ ತಾಳಿ ಇತ್ತು, ಆ ಕಡೆಯಿಂದ ಯಾರೂ ಬರುತ್ತಿರಲಿಲ್ಲ. ಅಣ್ಣತಮ್ಮಂದಿರ ಸಂಸಾರ ಮುಂದಿನ ಮನೆಯಲ್ಲಿ. ಇವರು ಹಿತ್ತಲ ಮೂಲೆಯಲ್ಲಿ, ಹಿಂದೆ ಹುಲ್ಲು ತುಂಬುತ್ತಿದ್ದ ಶೀಟಿನ ಕೋಣೆಯಲ್ಲಿ. ಕೋಣೆಯ ಮುಂದೆ ಮರ, ಮರದ ಕೆಳಗೆ ನಮ್ಮ ಇಂಗ್ಲಿಷ್ ಟ್ಯೂಷನ್ನು.

ನಾವು ಎಲ್ಲದಕ್ಕೂ ಪೀಸ್ ಎನ್ನುತ್ತಿದ್ದೆವು. ಹಣ್ಣಿನ ಪೀಸು, ಸೈಕಲ್ ಪೀಸು, ಒಬ್ಬ ಮಹಾನುಭಾವ ಸಾಂಬಾರಿನ ಪೀಸು ಎಂದೂ ಬರೆದಿದ್ದ. ಟೀಚರಕ್ಕನಿಗೆ ಅದನ್ನು ಸಹಿಸಲಾಗುತ್ತಿರಲಿಲ್ಲ. ಒಂದು ಚಕ್ಕೋತ ಸುಲಿದು ತೊಳೆ ಬಿಡಿಸಿ ಅಂಗೈಯಲ್ಲಿಟ್ಟರು. ಇದು ಸೆಗ್ಮೆಂಟು. ಸಾಂಬಾರಿಗೆ ಹಾಕುವ ಬೇಳೆ, ಹುಣಸೆ, ಉಪ್ಪು ಇನ್‌ಗ್ರೀಡಿಯೆಂಟು. ಪಂಪ್‌ಸೆಟ್ಟಿನೊಳಗಿನದು ಕಾಂಪೊನೆಂಟು. ಬ್ರೆಡ್ಡಿನದು ಸ್ಲೈಸು. ಮನೆಯೊಳಗಿನ ಜನ ಮೆಂಬರು.

ನಾನು ಸುಮ್ಮನಿರುತ್ತೇನೆಯೇ? "ಎಲ್ಲಾದಕ್ಕೂ ಪಾರ್ಟ್ ಅಂದ್ಬಿಟ್ರೆ ಮುಗೀತಲ್ಲ ಅಕ್ಕ. ಇಂಗ್ಲಿಷ್‌ನೋರಿಗೆ ಬೇರೆ ಕೆಲಸ ಇರ್ಲಿಲ್ವಾ?"

"ಬಂದ್ಲಪ್ಪಾ ಲಾಯರಮ್ಮ. ಹಲಸಿಗೆ ತೊಳೆ, ಬೆಳ್ಳುಳ್ಳಿಗೆ ಎಸಳು, ಬಾಳೆಹಣ್ಣಿಗೆ ಚಿಪ್ಪು, ತೆಂಗಿನಕಾಯಿಗೆ ಹೋಳು. ನಿಮ್ಮಜ್ಜಿಗೂ ಬೇರೆ ಕೆಲಸ ಇರ್ಲಿಲ್ಲ ಕಣೇ. ಅಂಗಡಿಗೆ ಹೋಗಿ ಒಂದು ಎಸಳು ತೆಂಗಿನಕಾಯಿ ಕೊಡಿ ಅನ್ನು, ಏನ್ ಕೊಡ್ತಾರೆ ನೋಡೋಣ."

ಎಲ್ಲರೂ ನಕ್ಕರು. ನಾನು ಸೋತ ಮೊದಲ ಚರ್ಚೆ ಅದು. ನಗು ನಿಂತ ಮೇಲೆ ಅವರು ತೊಳೆಯನ್ನು ನನ್ನ ಕೈಗೇ ಕೊಟ್ಟು ಹೇಳಿದರು: "ಸೆಗ್ಮೆಂಟ್ ಅಂದ್ರೆ ಅದರ ಹಿಂದೆ ಹಣ್ಣು ಕಾಣುತ್ತೆ. ಪೀಸ್ ಅಂದ್ರೆ ಏನ್ ಕಾಣುತ್ತೆ ಹೇಳು?"

ನಾನು ಪಿಯುಸಿಗೆ ಬಂದಾಗ ಅವರಪ್ಪ ತೀರಿಕೊಂಡರು. ಏರ್‌ಪೋರ್ಟ್ ಕಡೆಯ ಬ್ರೋಕರ್ ಬಂದ. ಮನೆ, ಹಿತ್ತಲು, ಹಿಂದಿನ ಹೊಲ ಎಲ್ಲ ಸೇರಿ ಇಡೀ ಬಿಟ್ ಕೊಳ್ಳುವವರಿಗೆ ಒಟ್ಟಿಗೇ ಬೇಕಂತೆ ಎಂದ. ಬಿಟ್ ಅಂದರೆ ಚೂರು ಎಂದು ಟೀಚರಕ್ಕ ನಮಗೆ ಕಲಿಸಿದ್ದರು. ಅವನ ಬಾಯಲ್ಲಿ ಅದೇ ಅವರ ಇಡೀ ತವರಾಗಿತ್ತು.

ಮಾರಬೇಕಾದರೆ ಹೆಣ್ಣುಮಗಳ ಸಹಿ ಬೇಕು. ಅವರ ಮನೆತನದಲ್ಲಿ ಅದಕ್ಕೊಂದು ಕ್ರಮವಿತ್ತು. ಸಹಿಗೆ ಹೊರಡುವ ಮುನ್ನ ಅವಳನ್ನು ಮಣೆಯ ಮೇಲೆ ಕೂರಿಸಿ, ಸೀರೆ, ಅರಿಶಿನ ಕುಂಕುಮ ಕೊಟ್ಟು ಮಡಿಲು ತುಂಬುವುದು. ಅಕ್ಕಿ, ಬೆಲ್ಲ, ಕೊಬ್ಬರಿ. ತುಂಬುವಾಗ ಸೆರಗನ್ನು ಎರಡೂ ಕೈಯಲ್ಲಿ ಹಿಡಿದಿರಬೇಕು, ಒಂದು ಕಾಳೂ ಚೆಲ್ಲಬಾರದು, ಮಾತಾಡಬಾರದು. ಮಡಿಲು ತುಂಬಿದ ಮೇಲೆ ತವರಿಗೆ ಇಲ್ಲ ಅನ್ನಬಾರದು. ಅಕ್ಕಿ ಸುರಿಯಲು ನೆರೆಮನೆಯ ಮುತ್ತೈದೆ ಎಂದು ಅಮ್ಮನನ್ನು ಕರೆದರು. ತಟ್ಟೆ ಹಿಡಿದು ನಾನೂ ಹೋದೆ. ಬಾಗಿಲಲ್ಲಿ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಕಾರು ನಿಂತಿತ್ತು.

ಟೀಚರಕ್ಕ ಸೆರಗು ಒಡ್ಡಿದರು. ಅಮ್ಮ ಸೇರು ಎತ್ತುವಷ್ಟರಲ್ಲಿ ತಲೆ ಎತ್ತಿ, "ಅಣ್ಣಾ, ಹಿತ್ತಲ ಮೂಲೆ ಮಾತ್ರ ನನಗೆ ಬಿಟ್ಬಿಡಿ. ಆ ಕೋಣೆ, ಮರ, ಅಷ್ಟೇ. ನಾನು ಮಕ್ಕಳಿಗೆ…" ಎಂದರು.

ಅಕ್ಕಿ ಸುರಿಯಿತು. ಅವರ ಮಾತು ಅಲ್ಲಿಗೇ ನಿಂತಿತು.

"ಅವರೇನೋ ಕೇಳ್ತಿದ್ದಾರಲ್ಲ, ಕೇಳಿಸ್ಕೊಳ್ಳಿ" ಎಂದೆ ನಾನು. "ಕಾನೂನಲ್ಲಿ ಅವರಿಗೂ ಸಮಪಾಲಿದೆ."

ದೊಡ್ಡಣ್ಣ ನನ್ನ ಕಡೆ ತಿರುಗಿದ. "ನಿಮ್ಮಪ್ಪನ ಮನೇಲಿ ಭಾಗ ಆಗ್ವಾಗ ಹೇಳಮ್ಮ ಕಾನೂನು. ಈಗ ತಟ್ಟೆ ನೆಟ್ಟಗೆ ಹಿಡ್ಕೊ." ಪಡಸಾಲೆ ಗೊಳ್ಳೆಂದಿತು. ನನ್ನ ಮುಖ ಕೆಂಪಾದದ್ದು ನೋಡಿ ಟೀಚರಕ್ಕನೂ ನಕ್ಕರು, ಹೋಗ್ಲಿ ಬಿಡೇ ಎನ್ನುವ ಹಾಗೆ. ಊರು ನೆನಪಿಟ್ಟುಕೊಂಡಿರುವುದು ಆ ನಗುವನ್ನು. ಅದು ನನಗಾಗಿ ನಕ್ಕದ್ದು, ಸಹಿಗಲ್ಲ.

ಎದುರು ಪಕ್ಷದ ವಾದವನ್ನೂ ಹೇಳಬೇಕು. ಯಾರೂ ಅವರ ಕೈ ಹಿಡಿದು ಸಹಿ ಹಾಕಿಸಲಿಲ್ಲ. ಚಿಕ್ಕ ತಮ್ಮ ನಿಜಕ್ಕೂ ಅತ್ತ. ಹೊಸಕೋಟೆಯಲ್ಲಿ ಬಾಡಿಗೆ ರೂಮು ನೋಡಿಕೊಟ್ಟರು. ಮಡಿಲಲ್ಲಿದ್ದ ಅಕ್ಕಿ ಚೆಲ್ಲಿ ಅವರು ಎದ್ದು ನಿಲ್ಲಬಹುದಿತ್ತು, ಹೌದು. ಅಷ್ಟು ಹೆಂಗಸರ ಮುಂದೆ ತವರಿನ ಅಕ್ಕಿಯನ್ನು ನೆಲಕ್ಕೆ ಚೆಲ್ಲುವುದು… ಈ ಒಂದು ಅಂಶಕ್ಕೆ ಬಂದಾಗಲೆಲ್ಲ ನನ್ನ ವಾದ ತೊದಲುತ್ತದೆ.

ಆಮೇಲೆ ಒಂದು ಸಲ ಹೊಸಕೋಟೆಗೆ ಹೋಗಿದ್ದೆ. ಫ್ಯಾಕ್ಟರಿ ಶಿಫ್ಟಿನವರ ಸಾಲು ರೂಮುಗಳ ಕೊನೆಯದು. ಹಗಲೆಲ್ಲ ಎಲ್ಲ ಬಾಗಿಲಿಗೂ ಬೀಗ. "ಇಲ್ಲಿಗೆ ನೆಂಟರು ಅಂತ ಬಂದೋಳು ನೀನೇ ಕಣೇ" ಎಂದು ಇದ್ದ ಒಂದೇ ಕುರ್ಚಿಯನ್ನು ನನಗೆ ಹಾಕಿದರು. ಕಿಟಕಿಯಲ್ಲಿ ಅರ್ಧ ಚಕ್ಕೋತ ಒಣಗಿ ಬಿದ್ದಿತ್ತು. "ಸಂತೇಲಿ ತಂದೆ. ಒಂದು ಹಣ್ಣು ಒಬ್ಬರಿಗೆ ಜಾಸ್ತಿ." ಮಕ್ಕಳು ಯಾರಾದರೂ ಪಾಠಕ್ಕೆ ಬರುತ್ತಾರಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದರು. ಹೊರಡುವಾಗ, "ಅಮ್ಮನ್ನ ಕೇಳ್ದೆ ಅಂತ ಹೇಳು" ಎಂದರು. ಅಮ್ಮನ ಮೇಲೆ ಬೇಜಾರು ಇತ್ತೋ ಇಲ್ಲವೋ, ದನಿಯಲ್ಲಿ ನನಗೆ ಗೊತ್ತಾಗಲಿಲ್ಲ.

ಮುಂದಿನ ಸಲ ಹೋದಾಗ ಆ ರೂಮಿನಲ್ಲಿ ಬೇರೆ ಯಾರೋ ಇದ್ದರು. ಫೋನ್ ನಂಬರು ಚಾಲ್ತಿಯಲ್ಲಿರಲಿಲ್ಲ. ಅಣ್ಣತಮ್ಮಂದಿರನ್ನು ಕೇಳಿದರೆ, "ಎಲ್ಲೋ ಇದ್ದಾಳೆ ಬಿಡಮ್ಮ, ಚೆನ್ನಾಗೇ ಇರ್ತಾಳೆ." ಬದುಕಿದ್ದಾರೆಯೇ ಎಂಬುದೂ ಈಗ ನನಗೆ ಗೊತ್ತಿಲ್ಲ. ಆ ಬಿಟ್ಟಿನ ಸುತ್ತ ತಗಡಿನ ಬೇಲಿ ಬಂದಿದೆ. ಇಷ್ಟು ವರ್ಷವಾದರೂ ಒಳಗೆ ಏನನ್ನೂ ಕಟ್ಟಿಲ್ಲ.

ಬಸ್ ಸ್ಟ್ಯಾಂಡಿನ ಮಾತನ್ನು ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಹೂಂ. ಅವಳು ಏನೂ ಕೇಳ್ಲಿಲ್ಲ." ಅವತ್ತಿನ ನಂತರ ಅಮ್ಮ ಯಾರ ಮನೆಗೂ ಮಡಿಲು ತುಂಬಲು ಹೋದದ್ದನ್ನು ನಾನು ಕಂಡಿಲ್ಲ. ಕರೆ ಬಂದಾಗಲೆಲ್ಲ ಮಂಡಿನೋವು. ಅದೇ ಮಂಡಿಯಲ್ಲಿ ದಿನಾ ಡೈರಿಗೆ ನಡೆದು ಹೋಗಿ ಬರುತ್ತಾಳೆ.

ನಾನು ಟಿವಿಗೆ ಅಡ್ಡ ನಿಂತೆ.

"ಅಮ್ಮಾ, ಅಕ್ಕನ ಮಾತು ಮುಗಿಯೋ ತನಕ ನೀನ್ಯಾಕೆ ಕಾಯ್ಲಿಲ್ಲ?"