ಬೆಡ್‌ಶೀಟಿನ ಆಚೆ ತುದಿ

ನನಗೆ ಅರಳುಮರಳು ಅಂತ ಯಾರ್ರೀ ಹೇಳಿದ್ದು? ಹೋದ ಸಲ ನಾನು ಫೋನಿನಲ್ಲಿ ಮಾತಾಡಿ ಕಳಿಸಿದ್ದನ್ನು ಕೇಳಿ ‘ತಾತ ಕತೆ ಕಟ್ತಾನೆ’ ಅಂದವರು ಯಾರು ಅಂತ ಚೆನ್ನಾಗಿ ಗೊತ್ತು. ಕನ್ನಡಕ ಎಲ್ಲಿಟ್ಟೆ ಅನ್ನೋದು ಮರೆತಿರಬಹುದು. ಅದು ಹಣೆಯ ಮೇಲೇ ಇರುತ್ತೆ, ಆ ಮಾತು ಬಿಡಿ. ಆಸ್ಪತ್ರೆಯ ಬಟ್ಟೆ ವ್ಯಾನ್ ಓಡಿಸಿ ತಲೆ ಬೆಳ್ಳಗಾದವನು ನಾನು. ಅಲ್ಲಿನ ಲಾಂಡ್ರಿ ಬಾಗಿಲು ಹೇಗೆ ಕಿರುಗುಟ್ಟುತ್ತಿತ್ತು ಅಂತ ಬೇಕಾದರೆ ಈಗಲೇ ಕೂಗಿ ತೋರಿಸುತ್ತೇನೆ. ನಂಬಿಕೆ ಬರದಿದ್ದರೆ ಬೆಳಗ್ಗೆ ಎದ್ದು ಹೋಗಿ ನೋಡಿ. ಲಾಂಡ್ರಿ ಅಕ್ಕ ಈಗಲೂ ಅಲ್ಲೇ ಇದ್ದಾಳೆ.

ಇವತ್ತೂ ಹೋಗಿದ್ದೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಸ್ಪತ್ರೆಯ ಹಿತ್ತಿಲಲ್ಲಿ ಲಾಂಡ್ರಿ. ಕಿಟಕಿ ಗಾಜಿಗೆಲ್ಲ ಹಬೆ ಹಿಡಿದಿದೆ. ಉದ್ದನೆ ಮೇಜಿನ ಮೇಲೆ ಒಣಗಿದ ಬಿಳಿ ಶೀಟುಗಳ ಗುಡ್ಡೆ. ಒಂದು ತುದಿ ಹಿಡಿದು ಲಾಂಡ್ರಿ ಅಕ್ಕ ನಿಂತಿದ್ದಾಳೆ. ನನಗಿಂತ ಚಿಕ್ಕವಳೇ, ಆದರೂ ಎಲ್ಲರಂತೆ ನಾನೂ ಅಕ್ಕ ಅಂತಲೇ ಕರೆಯುವುದು. ಆಚೆ ತುದಿಯಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ ಹೆಂಗಸು, ಮೋರೆ ಜೋತುಬಿದ್ದಿದೆ. ಇಬ್ಬರೂ ಶೀಟನ್ನು ಒಮ್ಮೆ ಝಾಡಿಸುತ್ತಾರೆ, ಉದ್ದಕ್ಕೆ ಮಡಚುತ್ತಾರೆ, ಆಮೇಲೆ ಎದುರುಬದುರಾಗಿ ನಡೆದು ಬರುತ್ತಾರೆ. ನಡುವೆ ಅಂಚಿಗೆ ಅಂಚು ಕೂಡಿದಾಗ ಅಕ್ಕ ಕೇಳುತ್ತಾಳೆ, ‘ದಾರೀಲಿ ಏನ್ ಕಂಡೆ?’

ಇಷ್ಟೇ ಇವಳ ವೈದ್ಯ. ಬೇಜಾರಾದವರನ್ನು ಹುಡುಕಿ ಆಚೆ ತುದಿಗೆ ನಿಲ್ಲಿಸುವುದು. ದೊಡ್ಡ ಶೀಟನ್ನು ನೀಟಾಗಿ ಮಡಚಲು ಇಬ್ಬರು ಬೇಕು ನೋಡಿ, ನಡುವೆ ಬಂದಾಗ ಒಬ್ಬರ ಮುಖ ಒಬ್ಬರು ನೋಡಲೇಬೇಕು. ಪ್ರತಿ ಶೀಟಿಗೂ ಕಂಡಿದ್ದು ಒಂದನ್ನು ಹೇಳಬೇಕು. ಬೇಜಾರು ಯಾಕೆ ಅಂತ ಮಾತ್ರ ಕೇಳುವ ಹಾಗಿಲ್ಲ.

‘ಕೇಳಿದ್ರೆ ಹೇಳ್ಬೇಕು, ಹೇಳಿದ್ರೆ ಮತ್ತೆ ಅಳು’ ಅನ್ನುತ್ತಾಳೆ. ‘ಕೈ ಕೆಲ್ಸ ಮಾಡ್ಲಿ, ಕಣ್ಣು ದಾರಿ ನೋಡ್ಲಿ. ಮನಸ್ಸು ತಾನಾಗೇ ಹಿಂದೆ ಬರುತ್ತೆ. ಇನ್ನೆಲ್ಲಿಗ್ ಹೋಗುತ್ತೆ ಪಾಪ!’

ಇದು ಶುರುವಾಗಿದ್ದು ಅವಳ ತಂಗಿಯಿಂದ. ತಾಯಿ ತೀರಿಕೊಂಡ ಮೇಲೆ ಅಕ್ಕತಂಗಿ ಇಬ್ಬರೂ ಒಟ್ಟಿಗೆ ಇಲ್ಲಿಗೆ ಕೆಲಸಕ್ಕೆ ಬಂದರು. ಆಗ ಒಣಗಿಸುವ ಯಂತ್ರ ಎಲ್ಲಿತ್ತು? ಅಂಗಳದ ತುಂಬ ಹಗ್ಗ, ಹಗ್ಗದ ತುಂಬ ಶೀಟು. ಗಾಳಿ ಬೀಸಿದರೆ ಇಡೀ ಅಂಗಳ ಉಬ್ಬುತ್ತಿತ್ತು, ನಾನು ವ್ಯಾನ್ ನಿಲ್ಲಿಸಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ಬಿಸಿಲಿಗೆ ಒಣಗಿದ ಬಟ್ಟೆಯ ಆ ವಾಸನೆ ಈಗ ಎಲ್ಲೂ ಸಿಗುವುದಿಲ್ಲ. ಶೀಟುಗಳ ನಡುವೆ ಅಡಗಿ ಆ ತಂಗಿ ಅಳುತ್ತಿದ್ದಳು.

‘ಅಳ್ಬೇಡ ಅಂದ್ರೆ ಜಾಸ್ತಿ ಅಳೋಳು. ಅದಕ್ಕೇ, ದಾರೀಲಿ ಏನ್ ಕಂಡೆ ಅಂತ ಕೇಳ್ದೆ. ಏನೂ ಕಾಣ್ಲಿಲ್ಲ ಅಂದ್ಲು. ಕಣ್ಮುಚ್ಕೊಂಡ್ ಬಂದ್ಯಾ? ಮತ್ತೆ ಚರಂಡಿಗ್ಯಾಕೆ ಬೀಳ್ಲಿಲ್ಲ ಅಂದೆ. ನಕ್ಕುಬಿಟ್ಲು’ ಅನ್ನುತ್ತಾಳೆ ಅಕ್ಕ.

ಮಾರನೇ ದಿನದಿಂದ ತಂಗಿ ದಾರಿಯುದ್ದಕ್ಕೂ ಕಣ್ಣು ಬಿಟ್ಟುಕೊಂಡು ಬಂದಳು, ಹೇಳುವುದಕ್ಕೆ ಏನಾದರೂ ಬೇಕಲ್ಲ! ಆಮೇಲೆ ಅದೇ ಲಾಂಡ್ರಿಯ ಪದ್ಧತಿಯಾಯಿತು. ನೀರು ಕಾಯಿಸುವ ಬಾಯ್ಲರ್ ಮಾವ ಹೆಂಡತಿ ಸತ್ತ ವರ್ಷ ಯಾರು ಮಾತಾಡಿಸಿದರೂ ಉರಿದುಬೀಳುತ್ತಿದ್ದ. ಅವನಿಗೂ ತುದಿ ಹಿಡಿಸಿದಳು. ‘ಕಂಡಿದ್ದು ನಿನ್ ತಲೆ!’ ಅಂದ. ‘ಸರಿ ಮಾವ, ತಲೇಲಿ ಏನಿತ್ತು?’ ಅಂದಳು. ‘ಹತ್ತಿ ಎಳೆ’ ಅಂದವನು ತಾನೇ ಕೈ ಚಾಚಿ ತೆಗೆದ.

ಹೋದ ವರ್ಷ ಆ ತಂಗಿಯೇ ತೀರಿಕೊಂಡಳು. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದವಳು ಏಳಲೇ ಇಲ್ಲ. ಊಟ ಬೇಡ, ಮಾತು ಬೇಡ. ತಿಂಗಳು ಮುಗಿಯುವುದರೊಳಗೆ ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಅಂತ ಆಸ್ಪತ್ರೆಯಿಂದ ಹೇಳಿಕಳಿಸಿದರು. ಅದಕ್ಕೂ ಅವಳು ಅಲುಗಲಿಲ್ಲ. ಕೆಲಸ ಹೋದರೆ ಹೋಗಲಿ, ಹೀಗೇ ಬಿಟ್ಟರೆ ಅಮ್ಮನೂ ಉಳಿಯುವುದಿಲ್ಲ ಅಂತ ಅಕ್ಕನ ಮಗಳು ನನ್ನೆದುರು ಅತ್ತಳು.

ನಾನೂ ಬಾಯ್ಲರ್ ಮಾವನೂ ಮನೆಗೆ ಹೋದೆವು. ನಾನು ‘ಧೈರ್ಯ ತಂದ್ಕೊಳಮ್ಮ’ ಅಂತ ಶುರು ಮಾಡಿದ್ದೇ ತಡ, ಅವಳು ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡಳು. ಮಾವ ಲಾಂಡ್ರಿಯಿಂದ ಹೊತ್ತು ತಂದಿದ್ದ ಗಂಟು ಬಿಚ್ಚಿದ. ಒಂದು ಶೀಟು ತೆಗೆದು ಒಬ್ಬನೇ ಮಡಚಲು ನಿಂತ. ಎರಡು ಕೈ ಸಾಲದೆ, ಒಂದು ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡ!

ಹೊದಿಕೆ ಸಂದಿಯಿಂದ ಇದನ್ನು ಕಂಡವಳು ಧಡಕ್ಕನೆ ಎದ್ದು ಕೂತಳು. ‘ಥೂ, ಮಾವ! ರೋಗಿ ಮಲಗೋ ಶೀಟು! ಬಾಯಿಂದ ತೆಗಿ!’

‘ತುದಿ ಹಿಡಿಯೋರು ದಿಕ್ಕಿಲ್ಲ, ಏನ್ ಮಾಡ್ಲಿ?’ ಅಂದ ಮಾವ.

ಗೊಣಗುತ್ತ ಎದ್ದಳು, ತುದಿ ಹಿಡಿದಳು. ಇಬ್ಬರೂ ನಡೆದು ಬಂದರು. ‘ಏನ್ ಕಂಡೆ?’ ಅಂದ.

‘ಗೋಡೆ.’

ಇನ್ನೊಂದು ಶೀಟು. ‘ಗೋಡೇಲಿ?’

‘ಇರುವೆ ಸಾಲು. ಸತ್ತ ಹುಳ ಒಂದನ್ನ ಎಳ್ಕೊಂಡು ಹೋಗ್ತಿದ್ವು.’

ಮೂರನೆಯ ಶೀಟಿಗೆ ಅವನ ಅಂಗಿ ನೋಡಿದಳು. ‘ಗುಂಡಿ ಒಂದ್ ಮನೆ ತಪ್ಪಿಸಿ ಹಾಕಿದೀಯ. ಬೀದಿಯುದ್ದಕ್ಕೂ ಹೀಗೇ ಬಂದ್ಯಾ?’ ಅಂದಳು. ತುಟಿಯ ತುದಿಯಲ್ಲಿ ನಗು ಬಂತು, ಅದರ ಹಿಂದೆಯೇ ಅಳು. ಗಂಟು ಮುಗಿಯುವವರೆಗೂ ಅಳುತ್ತಲೇ ಮಡಚಿದಳು. ಮಡಿಕೆ ಒಂದೂ ಸೊಟ್ಟಗಿರಲಿಲ್ಲ.

ಮಾರನೇ ಬೆಳಗ್ಗೆ ಲಾಂಡ್ರಿಗೆ ಬಂದಳು. ಬಂದವಳೇ ಮಾವ ಕಚ್ಚಿದ ಆ ಶೀಟನ್ನು ಹುಡುಕಿ ಮತ್ತೆ ಒಗೆಯಲು ಹಾಕಿದಳು.

ಈ ಬೆಳಗ್ಗೆ ಕೇಳಿದೆ, ‘ನಿನಗೇನಾದ್ರೂ ಆಸೆ ಇದೆಯಾ ಅಕ್ಕ?’

‘ನನಗೇನ್ ಆಸೆ ಡ್ರೈವರಣ್ಣ? ತಂಗಿ ನಿಲ್ತಿದ್ದ ಜಾಗ ಖಾಲಿ ಇರ್ಬಾರ್ದು, ಅಷ್ಟೇ. ದಿನಾ ಯಾರಾದ್ರೂ ಒಬ್ರು ಬಂದು ನಿಂತ್ಕೊಳ್ಳಿ. ಅದಿರ್ಲಿ, ಸುಮ್ನೆ ನಿಂತಿದೀರಲ್ಲ, ಹಿಡೀರಿ ಇದನ್ನ. ದಾರೀಲಿ ಏನ್ ಕಂಡ್ರಿ?’

‘ಬಸ್‌ಸ್ಟಾಪಿನ ಬೆಂಚಿನ ಮೇಲೆ ಎರಡು ನಾಯಿ ಕಾಲು ಚಾಚಿ ಮಲಗಿದ್ವು. ಜನ ಎಲ್ಲ ನಿಂತ್ಕೊಂಡಿದ್ರು’ ಅಂದೆ. ಕಿಸಕ್ಕನೆ ನಕ್ಕಳು.

ಕೇಳಿದಿರಲ್ಲ? ಈಗ ಇದನ್ನು ಇನ್ನೊಬ್ಬರಿಗೆ ಕಳಿಸಿ. ಬಹಳ ದಿನದಿಂದ ಸುಮ್ಮನಾಗಿರುವವರು ನಿಮಗೂ ಯಾರಾದರೂ ಇದ್ದೇ ಇರುತ್ತಾರೆ, ಮೊದಲು ಅವರಿಗೆ. ಯಾಕೆ ಏನು ಅಂತ ಕೇಳಬೇಡಿ. ಇವತ್ತು ದಾರಿಯಲ್ಲಿ ನೀವು ಏನು ಕಂಡಿರಿ ಅಂತ ಹೇಳಿ, ಆಮೇಲೆ ಅವರನ್ನು ಕೇಳಿ.